ಕೊಡಗಿನ ಬೆಣ್ಣೆಹಣ್ಣು, ಮೊಟ್ಟೆ, ಟೋಸ್ಟ್: ಬೆಳಗಿನ ಅವಸರಕ್ಕೊಂದು ತಿಂಡಿ

[ದೃಶ್ಯ: ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಹಣ್ಣುಗಳು. ಎಡಗಡೆ ಪುಟ್ಟದು, ಕಪ್ಪು ಬಣ್ಣ, ಒರಟು ಸಿಪ್ಪೆ. ಬಲಗಡೆ ಅದರ ಎರಡರಷ್ಟು ದೊಡ್ಡದು, ಹಸಿರು, ನುಣುಪು ಸಿಪ್ಪೆ.]

ನಮಸ್ಕಾರ. ಇವೆರಡೂ ಬೆಣ್ಣೆಹಣ್ಣುಗಳೇ, ಅಂದರೆ ಅವಕಾಡೊ. ಎಡಗಡೆಯದು ಹ್ಯಾಸ್ ಎಂಬ ತಳಿ, ತಾಂಜಾನಿಯಾದಂಥ ದೇಶಗಳಿಂದ ನಮ್ಮ ಸೂಪರ್‌ಮಾರ್ಕೆಟ್‌ಗಳಿಗೆ ಬರುತ್ತದೆ. ಬಲಗಡೆಯದು ಕೊಡಗಿನ ಕಾಫಿ ತೋಟದ್ದು. ಇಂದು ಅವಕಾಡೊ ಟೋಸ್ಟ್ ಮಾಡಿ, ಅದರ ಮೇಲೆ ಮೊಟ್ಟೆ ಇಟ್ಟು ತಿನ್ನೋಣ. ಹಣ್ಣು ಮಾತ್ರ ಬಲಗಡೆಯದು.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಅಂತರ್ಜಾಲದಲ್ಲಿ ಸಿಗುವ ಹೆಚ್ಚಿನ ಪಾಕವಿಧಾನಗಳು ಹ್ಯಾಸ್ ಹಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅದೇ ಕ್ರಮದಲ್ಲಿ ನಮ್ಮ ತೋಟದ ಹಣ್ಣನ್ನು ನುಣ್ಣಗೆ ಕಿವುಚಿ ಬ್ರೆಡ್ಡಿಗೆ ಹಚ್ಚಿದರೆ ಬ್ರೆಡ್ ನೆನೆದುಹೋಗುತ್ತದೆ, ರುಚಿ ಸಪ್ಪೆಯಾಗುತ್ತದೆ. ಆಗ ಜನ ನಮ್ಮ ಹಣ್ಣು ಜ್ಯೂಸಿಗೆ ಮಾತ್ರ ಲಾಯಕ್ಕು ಎಂದುಬಿಡುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಹಣ್ಣಿಗೆ ತಕ್ಕ ಹಾಗೆ ಮಾಡುವ ಕ್ರಮವನ್ನು ಬದಲಾಯಿಸಿಕೊಂಡರೆ ಇದು ತುಂಬಾ ಒಳ್ಳೆಯ ತಿಂಡಿ.

[ದೃಶ್ಯ: ಎರಡೂ ಹಣ್ಣುಗಳನ್ನು ಸೀಳಿ ಪಕ್ಕಪಕ್ಕದಲ್ಲಿ ಇಡುವುದು. ತಿರುಳಿನ ಹತ್ತಿರದ ನೋಟ.]

ವ್ಯತ್ಯಾಸ ಎಲ್ಲಿಂದ ಬಂತು ನೋಡಿ. ಕ್ಯಾಲಿಫೋರ್ನಿಯಾದಲ್ಲಿ ರುಡಾಲ್ಫ್ ಹ್ಯಾಸ್ ಎಂಬ ಅಂಚೆ ನೌಕರರು 1920ರ ದಶಕದಲ್ಲಿ ನೆಟ್ಟ ಒಂದು ಬೀಜ ಮರವಾಯಿತು. ಅದರ ಹಣ್ಣು ಚೆನ್ನಾಗಿದ್ದುದರಿಂದ 1935ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಇಂದು ಜಗತ್ತಿನಲ್ಲಿ ಮಾರಾಟವಾಗುವ ಹ್ಯಾಸ್ ಹಣ್ಣುಗಳೆಲ್ಲ ಆ ಒಂದು ಮರದಿಂದ ಕಸಿ ಮಾಡುತ್ತ ಬಂದ ಸಂತತಿಯವು. ಹಾಗಾಗಿಯೇ ಅವುಗಳ ಗುಣ ಹೆಚ್ಚುಕಡಿಮೆ ಒಂದೇ ಇರುತ್ತದೆ. ನೂರು ಗ್ರಾಂ ತಿರುಳಿನಲ್ಲಿ ಸುಮಾರು 15 ಗ್ರಾಂ ಕೊಬ್ಬು.

ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಕಾಫಿ ಗಿಡಗಳ ನಡುವೆ ಬೆಳೆದ ಬೆಣ್ಣೆಹಣ್ಣಿನ ಮರಗಳಲ್ಲಿ ಹೆಚ್ಚಿನವು ಬೀಜದಿಂದ ಎದ್ದವು. ಬೀಜದಿಂದ ಎದ್ದ ಮರ ತಾಯಿಮರದ ಗುಣವನ್ನು ಹಾಗೆಯೇ ಉಳಿಸಿಕೊಳ್ಳುವುದಿಲ್ಲ. ಒಂದು ಮರದ ಹಣ್ಣು ನಾರುನಾರು, ಪಕ್ಕದ ಮರದ್ದು ನುಣುಪು. ಒಂದು ಹಸಿರು, ಇನ್ನೊಂದು ನೇರಳೆ. ಒಟ್ಟಾರೆ ಇವು ದೊಡ್ಡ ಗಾತ್ರದವು, ನೀರಿನಂಶ ಹೆಚ್ಚು, ಎಣ್ಣೆಯಂಶ ಕಡಿಮೆ. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ಎಂಬ ತಳಿಗಳನ್ನು ಅಭಿವೃದ್ಧಿಪಡಿಸಿದೆ. ಇಂಥ ಕಸಿ ಗಿಡಗಳು ತೋಟಗಳಲ್ಲಿ ಹೆಚ್ಚಿದಂತೆ ಮಾರುಕಟ್ಟೆಯಲ್ಲೂ ಒಂದೇ ಗುಣದ ಹಣ್ಣು ಸಿಗುತ್ತದೆಂದು ನನಗೆ ಆಸೆ.

ಅಡುಗೆಗೆ ಇದರಿಂದ ತಿಳಿಯಬೇಕಾದುದು ಇಷ್ಟು. ನೀರು ಹೆಚ್ಚಿರುವುದರಿಂದ ಬ್ರೆಡ್ಡನ್ನು ಚೆನ್ನಾಗಿ ಗರಿಯಾಗಿಸಬೇಕು, ಉಪ್ಪನ್ನು ಕೊನೆಗೆ ಹಾಕಬೇಕು. ಕೊಬ್ಬು ಕಡಿಮೆ ಇರುವುದರಿಂದ ಆ ಜಾಗವನ್ನು ಮೊಟ್ಟೆಯ ಹಳದಿ ತುಂಬಬೇಕು.

[ದೃಶ್ಯ: ಮಾರುಕಟ್ಟೆ. ಹಣ್ಣನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು.]

ಹಣ್ಣನ್ನು ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಬೆಣ್ಣೆಹಣ್ಣು ಮರದಲ್ಲಿ ಹಣ್ಣಾಗುವುದಿಲ್ಲ, ಬಲಿತ ಕಾಯಿಯನ್ನು ಕೊಯ್ದ ಮೇಲೆಯೇ ಮೆತ್ತಗಾಗುತ್ತದೆ. ಹ್ಯಾಸ್ ಆದರೆ ಹಣ್ಣಾದಂತೆ ಕಪ್ಪಾಗುತ್ತದೆ. ನಮ್ಮ ಹಸಿರು ಹಣ್ಣು ಪೂರ್ತಿ ಕಳಿತರೂ ಹಸಿರಾಗಿಯೇ ಇರುತ್ತದೆ, ಆದ್ದರಿಂದ ಬಣ್ಣವನ್ನು ನಂಬಬೇಡಿ. ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಅಲ್ಲಿ ಸ್ವಲ್ಪ ಬಗ್ಗಿದರೆ ಸಾಕು. ಹೊಟ್ಟೆಯ ಭಾಗವನ್ನು ಒತ್ತಿದರೆ ಒಳಗೆ ಕಲೆ ಬೀಳುತ್ತದೆ, ಮಾರುವವರಿಗೂ ನಷ್ಟ. ಇನ್ನೊಂದು ಉಪಾಯ, ಹಣ್ಣನ್ನು ಅಲ್ಲಾಡಿಸಿ ನೋಡಿ. ನಮ್ಮ ಕಡೆಯ ಬಹಳಷ್ಟು ಹಣ್ಣುಗಳಲ್ಲಿ ಕಳಿತ ಮೇಲೆ ಬೀಜ ಸಡಿಲವಾಗಿ ಒಳಗೆ ಟಕಟಕ ಎನ್ನುತ್ತದೆ.

ಗಟ್ಟಿ ಕಾಯಿ ತಂದಿದ್ದರೆ ಅದನ್ನು ಫ್ರಿಜ್‌ನಲ್ಲಿ ಇಡಬೇಡಿ. ಗಟ್ಟಿಯಿರುವಾಗಲೇ ಚಳಿಗೆ ಸಿಕ್ಕಿದ ಕಾಯಿ ಆಮೇಲೆ ಸರಿಯಾಗಿ ಹಣ್ಣಾಗುವುದಿಲ್ಲ. ಕಾಗದದ ಚೀಲದಲ್ಲಿ ಕಳಿತ ಬಾಳೆಹಣ್ಣಿನ ಜೊತೆ ಹೊರಗೇ ಇಡಿ. ಬಾಳೆಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲ ಅದನ್ನೂ ಹಣ್ಣಾಗಿಸುತ್ತದೆ. ಮೆತ್ತಗಾದ ಮೇಲೆ ಬೇಕಾದರೆ ಒಂದೆರಡು ದಿನ ಫ್ರಿಜ್‌ನಲ್ಲಿಡಬಹುದು.

[ದೃಶ್ಯ: ಸಣ್ಣ ಪಾತ್ರೆಯಲ್ಲಿ ಕುದಿಯುವ ನೀರು. ಚಮಚದಿಂದ ಮೊಟ್ಟೆಯನ್ನು ಇಳಿಬಿಡುವುದು. ಪರದೆಯ ಮೂಲೆಯಲ್ಲಿ ಗಡಿಯಾರ.]

ಈಗ ಒಲೆಯ ಕೆಲಸ. ಬೆಳಿಗ್ಗೆ ಎದ್ದ ತಕ್ಷಣ ಮೊದಲು ನೀರಿಡಿ, ಉಳಿದದ್ದೆಲ್ಲ ಅದು ಕುದಿಯುವಷ್ಟರಲ್ಲಿ ನಡೆಯುತ್ತದೆ. ಮೊಟ್ಟೆಯನ್ನು ತಣ್ಣೀರಿನಲ್ಲಿಟ್ಟು ಕಾಯಿಸುವುದಕ್ಕಿಂತ ಕುದಿಯುವ ನೀರಿಗೆ ಇಳಿಬಿಡುವುದು ಮೇಲು. ಹಾಗೆ ಮಾಡಿದರೆ ಸಿಪ್ಪೆ ಸುಲಭವಾಗಿ ಬಿಡುತ್ತದೆ, ಸಮಯದ ಲೆಕ್ಕವೂ ತಪ್ಪುವುದಿಲ್ಲ.

ನಮಗೆ ಬೇಕಾದುದು ಬಿಳಿ ಗಟ್ಟಿಯಾಗಿ, ಹಳದಿ ಮಾತ್ರ ಜೇನಿನ ಹಾಗೆ ಮಂದವಾಗಿರುವ ಮೊಟ್ಟೆ. ಮಂಗಳೂರಿನಲ್ಲಿ ಇದಕ್ಕೆ ಆರೂವರೆ ನಿಮಿಷ ಸಾಕು. ಬೆಂಗಳೂರಿನಲ್ಲಿ ಏಳು ನಿಮಿಷ ಕೊಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಮಡಿಕೇರಿ ಇನ್ನೂ ಎತ್ತರ, ಅಲ್ಲಿ ಸುಮಾರು 96 ಡಿಗ್ರಿ. ನೀರು ಎಷ್ಟೇ ಜೋರಾಗಿ ಕುದಿದರೂ ಅದರ ಬಿಸಿ ಅದಕ್ಕಿಂತ ಮೇಲೇರುವುದಿಲ್ಲ. ಹೊರದೇಶದ ವಿಡಿಯೋ ನೋಡಿ ಆರು ನಿಮಿಷಕ್ಕೆ ತೆಗೆದರೆ ಬಿಳಿಯೂ ನೀರುನೀರಾಗಿರುವುದು ಇದೇ ಕಾರಣಕ್ಕೆ. ಫ್ರಿಜ್‌ನಿಂದ ಆಗಷ್ಟೇ ತೆಗೆದ ಮೊಟ್ಟೆಯಾದರೆ ಇನ್ನರ್ಧ ನಿಮಿಷ ಸೇರಿಸಿ.

ಬೆಂದ ಕೂಡಲೇ ತಣ್ಣೀರಿಗೆ ಹಾಕಿ, ಇಲ್ಲದಿದ್ದರೆ ಒಳಗಿನ ಬಿಸಿಗೇ ಬೇಯುತ್ತ ಹೋಗುತ್ತದೆ. ಅಗಲವಾದ ತುದಿಯಲ್ಲಿ ಗಾಳಿಯ ಗೂಡಿರುತ್ತದೆ, ಸಿಪ್ಪೆಯನ್ನು ಅಲ್ಲಿಂದ ಬಿಡಿಸಲು ಶುರುಮಾಡಿ. ತೀರಾ ತಾಜಾ ಮೊಟ್ಟೆಗಿಂತ ನಾಲ್ಕೈದು ದಿನ ಹಳೆಯದು ಚೆನ್ನಾಗಿ ಸುಲಿಯುತ್ತದೆ.

ಒಂದು ಎಚ್ಚರಿಕೆ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ, ಕಾಯಿಲೆಯಿಂದ ಬಳಲಿರುವವರಿಗೆ ಹಳದಿ ಅರೆಬೆಂದ ಮೊಟ್ಟೆ ಬೇಡ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಪೂರ್ತಿ ಬೇಯಿಸಿದಾಗಲೇ ಸಾಯುತ್ತದೆ. ಅವರಿಗಾಗಿ ಹನ್ನೊಂದು, ಹನ್ನೆರಡು ನಿಮಿಷ ಬೇಯಿಸಿ, ಹಳದಿಯನ್ನು ಪುಡಿಮಾಡಿ ಹಣ್ಣಿನ ಜೊತೆ ಕಲಸಿಬಿಡಿ. ಅದೂ ರುಚಿಯೇ.

[ದೃಶ್ಯ: ಕಬ್ಬಿಣದ ಕಾವಲಿಯ ಮೇಲೆ ದಪ್ಪ ಬ್ರೆಡ್ ಹೋಳುಗಳು. ಹೊಂಬಣ್ಣಕ್ಕೆ ತಿರುಗಿದ ಮೇಲೆ ಎರಡು ಹೋಳುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸುವುದು.]

ಬ್ರೆಡ್ ವಿಷಯಕ್ಕೆ ಬರೋಣ. ಹುಳಿ ಬರಿಸಿದ ಹಿಟ್ಟಿನ ಸೌರ್‌ಡೋ ಬ್ರೆಡ್ ಸಿಕ್ಕರೆ ಸಂತೋಷ, ಸಿಗದಿದ್ದರೆ ಚಿಂತೆಯಿಲ್ಲ. ನಿಮ್ಮ ಬೀದಿಯ ಅಯ್ಯಂಗಾರ್ ಬೇಕರಿಯಲ್ಲಿ ಬ್ರೆಡ್ಡನ್ನು ಕತ್ತರಿಸದೆ ಇಡಿಯಾಗಿ ಕೊಡಲು ಕೇಳಿ, ಮನೆಯಲ್ಲಿ ಹೆಬ್ಬೆರಳಿನ ದಪ್ಪಕ್ಕೆ ಕೊಯ್ದುಕೊಳ್ಳಿ. ತೆಳ್ಳಗಿನ ಹೋಳು ಈ ಹಣ್ಣಿನ ಭಾರವನ್ನೂ ನೀರನ್ನೂ ತಡೆಯುವುದಿಲ್ಲ. ಹಿಂದಿನ ದಿನದ ಬ್ರೆಡ್ ಇನ್ನೂ ಒಳ್ಳೆಯದು, ತೇವ ಕಡಿಮೆಯಾಗಿ ಬೇಗ ಗರಿಯಾಗುತ್ತದೆ. ಕಂದು ಬಣ್ಣದ ಬ್ರೆಡ್ ಎಂದ ಮಾತ್ರಕ್ಕೆ ಗೋಧಿ ಬ್ರೆಡ್ ಎಂದುಕೊಳ್ಳಬೇಡಿ. ಪೊಟ್ಟಣದ ಮೇಲಿನ ಪಟ್ಟಿಯಲ್ಲಿ ಮೊದಲ ಹೆಸರು ಮೈದಾ ಇದೆಯೋ ಗೋಧಿ ಹಿಟ್ಟು ಇದೆಯೋ ನೋಡಿ.

ಕಾವಲಿಗೆ ಏನೂ ಸವರದೆ ಸಣ್ಣ ಉರಿಯಲ್ಲಿ ಎರಡೂ ಬದಿ ಸುಡಿ. ಬೇಕರಿ ಬ್ರೆಡ್ಡಿನಲ್ಲಿ ಸಕ್ಕರೆ ಇರುತ್ತದೆ, ಉರಿ ಜೋರಾದರೆ ಮೇಲೆ ಕರಕಲಾಗಿ ಒಳಗೆ ಮೆತ್ತಗೇ ಉಳಿಯುತ್ತದೆ. ಗರಿಯಾದ ಮೇಲೆ ತಟ್ಟೆಯಲ್ಲಿ ಮಲಗಿಸಬೇಡಿ. ಅಡಿಯಲ್ಲಿ ಹಬೆ ಸೇರಿ ಮತ್ತೆ ಮೆತ್ತಗಾಗುತ್ತದೆ. ಒಂದಕ್ಕೊಂದು ಒರಗಿಸಿ ಒಂದು ನಿಮಿಷ ನಿಲ್ಲಿಸಿ. ಆಮೇಲೆ ಬಿಸಿಯಿರುವಾಗಲೇ ಬೆಣ್ಣೆಯನ್ನು ತೆಳ್ಳಗೆ ಸವರಿ. ಬೆಣ್ಣೆಹಣ್ಣಿನ ಕೆಳಗೆ ಮತ್ತೆ ಬೆಣ್ಣೆ ಏಕೆ ಎಂದು ಕೇಳಬಹುದು. ಹಣ್ಣಿನ ನೀರು ಬ್ರೆಡ್ಡಿಗೆ ಇಳಿಯದಂತೆ ಅದು ತಡೆಯುತ್ತದೆ. ಹ್ಯಾಸ್ ಹಣ್ಣಿಗಾದರೆ ಇದರ ಅಗತ್ಯವಿಲ್ಲ, ನಮ್ಮ ಹಣ್ಣಿಗೆ ಇದು ಬೇಕೇ ಬೇಕು.

[ದೃಶ್ಯ: ಹಲಗೆಯ ಮೇಲೆ ಹಣ್ಣನ್ನು ಸುತ್ತ ಸೀಳಿ, ಚಮಚದಿಂದ ಬೀಜ ತೆಗೆಯುವುದು.]

ಹಣ್ಣನ್ನು ಅಂಗೈಯಲ್ಲಿಟ್ಟು ಬೀಜಕ್ಕೆ ಚಾಕು ಚುಚ್ಚುವುದನ್ನು ಅನೇಕ ವಿಡಿಯೋಗಳಲ್ಲಿ ತೋರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಚಾಕು ಜಾರಿ ಅಂಗೈಯ ನರಗಳು ತುಂಡಾಗಿ ಆಸ್ಪತ್ರೆ ಸೇರಿದವರು ಬೇಕಾದಷ್ಟು ಜನರಿದ್ದಾರೆ. ಹಲಗೆಯ ಮೇಲಿಟ್ಟು ಉದ್ದಕ್ಕೆ ಸುತ್ತ ಸೀಳಿ, ಎರಡು ಹೋಳುಗಳನ್ನು ತಿರುಚಿ ಬಿಡಿಸಿ, ಬೀಜವನ್ನು ಚಮಚದಿಂದ ತೆಗೆಯಿರಿ.

ಎರಡು ಟೋಸ್ಟಿಗೆ ದೊಡ್ಡ ಹಣ್ಣಿನ ಅರ್ಧ ಸಾಕು. ಆ ಅರ್ಧದಲ್ಲಿ ಸ್ವಲ್ಪ ತಿರುಳನ್ನು ಫೋರ್ಕ್‌ನಿಂದ ಕಿವುಚಿ, ಉಳಿದದ್ದನ್ನು ಹೋಳು ಮಾಡಿಕೊಳ್ಳಿ. ಎಲ್ಲವನ್ನೂ ಕಿವುಚಿದರೆ ನೀರು ಬಿಡುತ್ತದೆ. ಮಿಕ್ಸಿಯನ್ನಂತೂ ಮುಟ್ಟಲೇಬೇಡಿ. ಕಿವುಚಿದ ತಿರುಳಿಗೆ ಒಂದು ಚಮಚ ನಿಂಬೆರಸ ಬೆರೆಸಿ. ಕತ್ತರಿಸಿದ ತಿರುಳು ಗಾಳಿ ತಾಗಿದ ಕೂಡಲೇ ಒಳಗಿನ ಕಿಣ್ವದಿಂದ ಕಂದಾಗತೊಡಗುತ್ತದೆ, ನಿಂಬೆಯ ಹುಳಿ ಆ ಕಿಣ್ವವನ್ನು ಮಂದಗೊಳಿಸುತ್ತದೆ. ಸಪ್ಪೆ ರುಚಿಗೂ ಅದೇ ಔಷಧ. ಮನೆಯಲ್ಲಿ ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿರಸ, ಇದ್ದರೆ ನಿಂಬೆಯ ಬದಲು ಅದರ ಮೂರ್ನಾಲ್ಕು ಹನಿ ಹಾಕಿ ನೋಡಿ. ಬಣ್ಣ ಸ್ವಲ್ಪ ಕಪ್ಪಾಗುತ್ತದೆ ನಿಜ, ಆದರೆ ಆ ಗಾಢವಾದ ಹುಳಿಗೆ ಈ ಹಣ್ಣು ಬಹಳ ಹೊಂದುತ್ತದೆ. ನನಗಂತೂ ನಿಂಬೆಗಿಂತ ಅದೇ ಇಷ್ಟ.

ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು, ಖಾರ ತಿನ್ನುವವರಿಗೆ ಅರ್ಧ ಸೂಜಿಮೆಣಸು. ಟೊಮೇಟೊ ಬೇಡ, ಅದರ ನೀರೂ ಸೇರಿಕೊಳ್ಳುತ್ತದೆ.

[ದೃಶ್ಯ: ಜೋಡಿಸುವುದು. ಮೊಟ್ಟೆಯನ್ನು ಸೀಳಿದಾಗ ಹಳದಿ ನಿಧಾನವಾಗಿ ಹಣ್ಣಿನ ಮೇಲೆ ಹರಿಯುವುದು.]

ಟೋಸ್ಟಿನ ಮೇಲೆ ಮೊದಲು ಕಿವುಚಿದ ತಿರುಳು, ಅದರ ಮೇಲೆ ಹೋಳುಗಳು, ಆಮೇಲೆ ಮೊಟ್ಟೆ. ಮೊಟ್ಟೆಯನ್ನು ತಟ್ಟೆಯಲ್ಲಲ್ಲ, ಟೋಸ್ಟಿನ ಮೇಲೆಯೇ ಎರಡಾಗಿ ಸೀಳಿ. ಹಳದಿಯ ಒಂದು ಹನಿಯೂ ವ್ಯರ್ಥವಾಗಬಾರದು, ನಮ್ಮ ಹಣ್ಣಿಗೆ ಇಲ್ಲದ ಜಿಡ್ಡು ಬರುವುದೇ ಅದರಿಂದ. ಉಪ್ಪು ಈಗ, ತಿನ್ನುವ ಮುನ್ನ. ಕಾಳುಮೆಣಸನ್ನು ಆಗಷ್ಟೇ ತರಿತರಿಯಾಗಿ ಕುಟ್ಟಿ ಉದುರಿಸಿ. ಕೊಡಗಿನ ತೋಟಗಳಲ್ಲಿ ಕಾಫಿ, ಮೆಣಸಿನ ಬಳ್ಳಿ, ಬೆಣ್ಣೆಹಣ್ಣು ಒಟ್ಟಿಗೇ ಬೆಳೆಯುತ್ತವೆ. ಪಕ್ಕದಲ್ಲಿ ಒಂದು ಲೋಟ ಫಿಲ್ಟರ್ ಕಾಫಿ ಇಟ್ಟುಕೊಂಡರೆ ಒಂದೇ ತೋಟದ ಮೂರು ಬೆಳೆಗಳು ನಿಮ್ಮ ಮುಂದೆ ಇರುತ್ತವೆ.

ಬೇಯಿಸಿದ ಮೊಟ್ಟೆ ಬೇಡವೆನ್ನುವವರು ಬುಲ್ಸ್‌ಐ ಹಾಕಿಕೊಳ್ಳಬಹುದು. ಮೊಟ್ಟೆ ಒಡೆದು ಹಾಕಿದ ಮೇಲೆ ಕಾವಲಿಯ ಅಂಚಿಗೆ ಒಂದು ಚಮಚ ನೀರು ಬಿಟ್ಟು ಮುಚ್ಚಿಡಿ. ಹಬೆಗೆ ಮೇಲಿನ ಬಿಳಿ ಗಟ್ಟಿಯಾಗುತ್ತದೆ, ಹಳದಿ ಹಾಗೆಯೇ ಉಳಿಯುತ್ತದೆ.

ನೀರಿಟ್ಟ ಹೊತ್ತಿನಿಂದ ತಟ್ಟೆಗೆ ಬರುವವರೆಗೆ ಹದಿನೈದು ನಿಮಿಷಕ್ಕಿಂತ ಹೆಚ್ಚಾಗುವುದಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, ಹಣ್ಣಿನಲ್ಲಿ ಒಳ್ಳೆಯ ನಾರಿನಂಶವಿದೆ, ಹಾಗಾಗಿ ಬರೀ ಬ್ರೆಡ್ ಜಾಮ್ ತಿಂದಾಗಿನ ಹಾಗೆ ಬೇಗನೆ ಹಸಿವಾಗುವುದಿಲ್ಲ. ಪೊಟ್ಯಾಸಿಯಂ ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿರುವ ಮೂತ್ರಪಿಂಡದ ರೋಗಿಗಳು ಮಾತ್ರ ಅವರನ್ನು ಕೇಳಿಯೇ ತಿನ್ನಿ.

[ದೃಶ್ಯ: ಉಳಿದ ಅರ್ಧ ಹಣ್ಣಿಗೆ ನಿಂಬೆರಸ ಸವರಿ, ಪ್ಲಾಸ್ಟಿಕ್ ಹಾಳೆಯನ್ನು ತಿರುಳಿಗೆ ತಾಗುವಂತೆ ಒತ್ತುವುದು.]

ಉಳಿದ ಅರ್ಧ ಹಣ್ಣಿಗೆ ನಿಂಬೆರಸ ಸವರಿ, ಗಾಳಿ ನಿಲ್ಲದಂತೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ತಿರುಳಿಗೇ ಅಂಟಿಸಿ ಫ್ರಿಜ್‌ನಲ್ಲಿಡಿ. ಬೀಜವನ್ನು ಅದರಲ್ಲೇ ಬಿಟ್ಟರೆ ಕಪ್ಪಾಗುವುದಿಲ್ಲ ಎನ್ನುತ್ತಾರೆ, ಆದರೆ ಬೀಜ ಮುಚ್ಚಿದ ಜಾಗ ಬಿಟ್ಟು ಉಳಿದದ್ದೆಲ್ಲ ಕಪ್ಪಾಗುತ್ತದೆ. ನೀರಿನಲ್ಲಿ ಮುಳುಗಿಸಿಡುವ ಉಪಾಯವನ್ನು ನಂಬಬೇಡಿ. ಸಿಪ್ಪೆಯ ಮೇಲಿನ ಬ್ಯಾಕ್ಟೀರಿಯಾ ನೀರಿನಲ್ಲಿ ಬೆಳೆಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2022ರಲ್ಲಿ ಎಚ್ಚರಿಸಿತ್ತು. ಸಂಜೆ ಮೇಲಿನ ತೆಳು ಪದರವನ್ನು ಕೆರೆದು ತೆಗೆದು, ತಣ್ಣನೆಯ ಹಾಲು, ಸಕ್ಕರೆ, ಒಂದು ಏಲಕ್ಕಿ ಹಾಕಿ ಜ್ಯೂಸ್ ಮಾಡಿಕೊಳ್ಳಿ. ಮಿಕ್ಸಿಯನ್ನು ಆಗ ಧಾರಾಳವಾಗಿ ತಿರುಗಿಸಿ.