ಪಿಯೆನ್ಜಾದ ಎರಡು ಸಂದುಗಳು

ಗೆಳೆಯರೇ, ನಮಸ್ಕಾರ. ಏಪ್ರಿಲ್ 18, ವಿಶ್ವ ಪರಂಪರೆ ದಿನ ಅಂದರೆ ಎಲ್ಲರೂ ಕಟ್ಟಡ ತೋರಿಸುತ್ತಾರೆ. ನಾನು ಎರಡು ಸಂದು ತೋರಿಸಲು ಬಂದಿದ್ದೇನೆ. ಇಟಲಿಯ ಟಸ್ಕನಿಯಲ್ಲಿ ಪಿಯೆನ್ಜಾ ಅಂತ ಪುಟ್ಟ ಊರು. ಅದರ ಚೌಕದಲ್ಲಿ ಚರ್ಚಿನ ಎಡಕ್ಕೊಂದು, ಬಲಕ್ಕೊಂದು ಸಂದು. ಅಲ್ಲಿಂದ ಕೆಳಗಿನ ಓರ್ಚಾ ಕಣಿವೆ ಕಾಣುತ್ತದೆ. ಆ ಊರು ಕಟ್ಟಿದವರ ಜಾಣ್ಮೆಯೆಲ್ಲ ಆ ಖಾಲಿ ಜಾಗದಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಮೊದಲು ಅದು ಕೊರ್ಸಿನ್ಯಾನೋ ಅನ್ನೋ ಹಳ್ಳಿ. 1405ರಲ್ಲಿ ಎನೇಯಾ ಸಿಲ್ವಿಯೋ ಪಿಕ್ಕೊಲೊಮಿನಿ ಹುಟ್ಟಿದ್ದು ಅಲ್ಲೇ. ಆತ 1458ರಲ್ಲಿ ಎರಡನೇ ಪಿಯಸ್ ಅನ್ನೋ ಹೆಸರಿನಲ್ಲಿ ಪೋಪ್ ಆದ. ಮರುವರ್ಷ ಉತ್ತರದ ಮಾಂತುವಾ ನಗರಕ್ಕೆ ಹೋಗುವ ದಾರಿಯಲ್ಲಿ ಊರಿಗೆ ಬಂದ. ಜೊತೆಯಲ್ಲಿ ಆಡಿದವರಲ್ಲಿ ಎಷ್ಟೋ ಜನ ಆಗಲೇ ತೀರಿಕೊಂಡಿದ್ದರು, ಉಳಿದವರು ಮುಪ್ಪಿಗೆ, ಕಾಯಿಲೆಗೆ ಬಾಗಿ ಮನೆ ಹಿಡಿದಿದ್ದರು. ಅದನ್ನು ಅವನೇ ಬರೆದಿಟ್ಟಿದ್ದಾನೆ. ಊರಿನಲ್ಲಿ ಒಂದು ಅರಮನೆ, ಒಂದು ಚರ್ಚು ಕಟ್ಟಿಸಬೇಕು ಅಂತ ಆಗ ತೀರ್ಮಾನಿಸಿದ.

ಕೆಲಸ ಒಪ್ಪಿಸಿದ್ದು ಬರ್ನಾರ್ದೋ ರೊಸೆಲ್ಲೀನೋ ಅನ್ನೋ ವಾಸ್ತುಶಿಲ್ಪಿಗೆ. ಇವನ ಕಥೆ ಹೇಳದೆ ಮುಂದೆ ಹೋಗಲು ನನ್ನಿಂದಾಗದು. ಮನೆ ಕಟ್ಟಿಸಿದವರಿಗೆಲ್ಲ ಗೊತ್ತಲ್ವಾ, ಎಸ್ಟಿಮೇಟ್ ಒಂದು, ಕೊನೆಯ ಲೆಕ್ಕ ಇನ್ನೊಂದು. ಇಲ್ಲೂ ಹಾಗೇ ಆಯಿತು. ಖರ್ಚು 50,000 ಡುಕಾಟಿಗೂ (ಡುಕಾಟ್ ಅಂದರೆ ಆಗಿನ ಚಿನ್ನದ ನಾಣ್ಯ) ಜಾಸ್ತಿ ಹೋಯಿತು, ಅಂದಾಜಿನ ಎಷ್ಟೋ ಪಟ್ಟು. ಬರ್ನಾರ್ದೋ ಫ್ಲಾರೆನ್ಸಿನವನು, ಈ ಊರಿದ್ದದ್ದು ಸಿಯೆನಾ ನಗರದ ಆಳ್ವಿಕೆಯಲ್ಲಿ, ಸಿಯೆನಾದವರಿಗೆ ಫ್ಲಾರೆನ್ಸಿನವರನ್ನು ಕಂಡರಾಗದು. ಇವನಿಗೆ ಕಟ್ಟೋಕೇ ಬರಲ್ಲ, ದುಡ್ಡು ಹಾಳು ಮಾಡಿದ ಅಂತ ಪೋಪ್ ಹತ್ತಿರ ಚಾಡಿ ಹೇಳಿದರು. ಪೋಪ್ ಬಂದು ಎಲ್ಲ ಸುತ್ತಿ ನೋಡಿ ಅವನನ್ನು ಕರೆಸಿದ. ಬರ್ನಾರ್ದೋ ಅಂಜುತ್ತಾ ಬಂದು ನಿಂತ. ಆಗ ಪೋಪ್ ಹೇಳಿದ್ದರ ಸಾರ ಇಷ್ಟು: ಖರ್ಚಿನ ವಿಷಯದಲ್ಲಿ ನೀನು ಸುಳ್ಳು ಹೇಳಿದ್ದು ಒಳ್ಳೇದೇ ಆಯಿತು, ನಿಜ ಹೇಳಿದ್ದರೆ ನಾವು ಇಷ್ಟು ಹಣ ಹಾಕುತ್ತಲೇ ಇರಲಿಲ್ಲ, ಇಂಥ ಅರಮನೆ, ಇಂಥ ಚರ್ಚು ಎದ್ದು ನಿಲ್ಲುತ್ತಲೂ ಇರಲಿಲ್ಲ. ಬಾಕಿ ಪೂರ್ತಿ ಕೊಡಿಸಿ, ಮೇಲೆ 100 ಡುಕಾಟ್, ಒಂದು ಕೆಂಪು ನಿಲುವಂಗಿ ಕೊಟ್ಟ. ಬರ್ನಾರ್ದೋ ಸಂತೋಷಕ್ಕೆ ಅತ್ತೇಬಿಟ್ಟ.

ಇನ್ನು ಚೌಕ. ಅದು ಸರಿಯಾದ ಚೌಕಾಕಾರವಲ್ಲ. ಒಂದು ಕಡೆ ಕಿರಿದು, ಚರ್ಚಿನ ಕಡೆ ಅಗಲ. ಚರ್ಚಿಗೆ ಎದುರಾಗಿ ನಿಂತರೆ ಬಲಕ್ಕೆ ಪೋಪನ ಅರಮನೆ, ಎಡಕ್ಕೆ ಬಿಷಪ್ಪರ ಮನೆ, ಬೆನ್ನ ಹಿಂದೆ ಪುರಸಭೆ. ಎರಡು ಪಕ್ಕದ ಕಟ್ಟಡಗಳೂ ಚರ್ಚಿನ ಕಡೆ ಹೋಗುತ್ತಾ ದೂರ ಸರಿಯುತ್ತವೆ. ಹಾಗೆ ಸರಿದದ್ದರಿಂದಲೇ ನಮ್ಮ ಸಂದುಗಳು ಹುಟ್ಟಿದವು. ಇಷ್ಟಗಲದ ಜಾಗ, ಆದರೂ ನಿಂತವನಿಗೆ ಇಕ್ಕಟ್ಟು ಅನ್ನಿಸದು. ಅಲ್ಲೊಂದು ಅಂಗಡಿ ಮಳಿಗೆ ಎಬ್ಬಿಸಿದ್ದರೆ ಬಾಡಿಗೆ ಬರುತ್ತಿತ್ತು, ಕಣಿವೆ ಹೋಗುತ್ತಿತ್ತು. ಅರಮನೆಯ ಹಿಂಬದಿಯಲ್ಲೂ ಇದೇ ಯೋಚನೆ: ಮೂರು ಅಂತಸ್ತಿನಲ್ಲೂ ಕಂಬದ ಪಡಸಾಲೆ, ಮುಂದೆ ತೋಟ, ದೂರದಲ್ಲಿ ಅಮಿಯಾತಾ ಬೆಟ್ಟ. ನೋಡೋದಕ್ಕೆಂದೇ ಕಟ್ಟಿದ ಮನೆ ಅದು.

1462ರಲ್ಲಿ ಚರ್ಚಿನ ಪ್ರತಿಷ್ಠೆಯಾಯಿತು, ಊರಿನ ಹೆಸರೂ ಪಿಯಸ್‌ನಿಂದ ಪಿಯೆನ್ಜಾ ಆಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪೋಪ್ ಒಂದು ಆಜ್ಞೆ ಹೊರಡಿಸಿದ. ಚರ್ಚಿನ ಗೋಡೆ, ಕಂಬಗಳ ಬಿಳುಪು ಕೆಡಿಸಬಾರದು, ಚಿತ್ರ ಬರೆಯಬಾರದು, ಫಲಕ ತೂಗುಹಾಕಬಾರದು, ಹೊಸ ಪೂಜಾಪೀಠ ಸೇರಿಸಬಾರದು. ಮೀರಿದರೆ ಬಹಿಷ್ಕಾರ. ಯುನೆಸ್ಕೋಗೂ 500 ವರ್ಷ ಹಿಂದೆ, ಕಟ್ಟಿಸಿದವನೇ ಬರೆದ ರಕ್ಷಣೆಯ ಕಾನೂನು! ಅವನು ಕಾದದ್ದು ಕೂಡ ಬರಿಯ ಗೋಡೆಯನ್ನ, ಗಮನಿಸಿ. ಖಾಲಿ ಇರೋದನ್ನ ಖಾಲಿ ಬಿಡಿ ಅಂದ.

ಪಿಯೆನ್ಜಾ 1996ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಓರ್ಚಾ ಕಣಿವೆ ಸೇರಿದ್ದು 2004ರಲ್ಲಿ. ಮೊದಲು ಕಿಟಕಿ, ಎಂಟು ವರ್ಷದ ಮೇಲೆ ಕಿಟಕಿಯಿಂದ ಕಾಣುವ ಹೊಲ. ನನ್ನ ಪ್ರಕಾರ ಎರಡೂ ಒಂದೇ ಆಸ್ತಿ.

ಐದು ನಿಮಿಷ ಅಂತ ಚೀಟಿ ಬಂತು. ಬಡವರಿಗೆ ಕಟ್ಟಿಸಿದ ಸಾಲುಮನೆಗಳ ವಿಷಯ ಬಿಡುತ್ತೇನೆ. ಚರ್ಚಿನ ಬಿರುಕು ಮಾತ್ರ ಹೇಳಲೇಬೇಕು. ದಕ್ಷಿಣದ ಬೆಳಕು ಒಳಗೆ ಬರಲಿ ಅಂತ ಚರ್ಚಿನ ಹಿಂಭಾಗವನ್ನು ಇಳಿಜಾರಿನ ಅಂಚಿಗೆ ಚಾಚಿದರು. ಕೆಳಗಿನ ನೆಲ ಗಟ್ಟಿಯಿಲ್ಲ. ಕಟ್ಟಿದ ಹೊಸದರಲ್ಲೇ ಬಿರುಕು ಬಿಟ್ಟಿತು. ಇವತ್ತಿಗೂ ಒಳಗೆ ನಡೆದರೆ ನೆಲ ಮುಂದಕ್ಕೆ ವಾಲಿರೋದು ಕಾಲಿಗೆ ಗೊತ್ತಾಗುತ್ತದೆ.

ಕೊನೆಗೆ ನಮ್ಮ ಕಡೆಯ ಒಂದು ಎಳೆ. ವಿಜಯನಗರ ನೋಡಿ ಹೋದ ವೆನಿಸ್ ವ್ಯಾಪಾರಿ ನಿಕೊಲೊ ಕೋಂಟಿ ನಿಮಗೆ ಗೊತ್ತು, ಊರಿನ ಸುತ್ತಳತೆ 60 ಮೈಲಿ ಅಂದವನು. ಪಿಯಸ್ ಏಷ್ಯಾದ ಬಗ್ಗೆ ಬರೆದಾಗ ಕೋಂಟಿಯ ಮಾತುಗಳನ್ನು ಬಳಸಿಕೊಂಡ. ಬರೆದದ್ದು 1461ರಲ್ಲಿ, ಇತ್ತ ಬರ್ನಾರ್ದೋನ ಮೇಸ್ತ್ರಿಗಳು ಚೌಕದ ಕೆಲಸದಲ್ಲಿದ್ದಾಗ. ಇದರ ಮೇಲೆ ಪ್ರಶ್ನೆ ಇದ್ದರೆ ಊಟದ ಹೊತ್ತಿಗೆ ಮಾತಾಡೋಣ, ನಾನು ಇಲ್ಲೇ ಇರುತ್ತೇನೆ.