ಅಶೋಕನಗರದ ಸದ್ದು

ಎಲ್ಲರಿಗೂ ನಮಸ್ಕಾರ. ಶನಿವಾರದ ಸಂಜೆ ಟ್ರಾಫಿಕ್ ದಾಟಿಕೊಂಡು ಬಂದಿದ್ದೀರಿ, ತುಂಬಾ ಸಂತೋಷ.

ಮೆಗ್ರಾತ್ ರಸ್ತೆಯ ಗರುಡಾ ಮಾಲ್ ನಿಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತು. ಅದರ ಮಗ್ಗುಲಲ್ಲೇ ಒಂದು ಗೋಡೆ ಇದೆ. ಗೋಡೆಯ ಆಚೆ ಒಂದು ಫುಟ್‌ಬಾಲ್ ಮೈದಾನ ಇದೆ. ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ. ಮಾಲ್‌ಗೆ ಇಪ್ಪತ್ತು ಸಲ ಹೋದವರೂ ಗೋಡೆಯಾಚೆ ಇಣುಕಿರುವುದಿಲ್ಲ. ಇವತ್ತು ನಾನು ಮಾತಾಡೋದು ಆ ಮೈದಾನದ ಸದ್ದಿನ ಬಗ್ಗೆ. ಅಲ್ಲಿ ಆಡುವ ಆಟದ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಗ್ಯಾಲರಿಯಲ್ಲಿ ಕೂತವರ ಗಂಟಲಿನ ಬಗ್ಗೆ ಯಾರೂ ಜಾಸ್ತಿ ಮಾತಾಡಿಲ್ಲ.

2013ರ ಸೆಪ್ಟೆಂಬರ್ 22. ಬೆಂಗಳೂರು ಎಫ್‌ಸಿ ಹುಟ್ಟಿ ಆಗಿನ್ನೂ ಎರಡು ತಿಂಗಳು. ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ ಅದರ ಮೊದಲ ಪಂದ್ಯ. ಎದುರಿಗೆ ಮೋಹನ್ ಬಗಾನ್, ನೂರು ವರ್ಷ ದಾಟಿದ ಕ್ಲಬ್. ನಾನು ಗೆಳೆಯರ ಜೊತೆ ಹೋಗಿದ್ದೆ. ಸುಮ್ನೆ ನೋಡೋಣ ಅಂತ ಹೋದವನು ನಾನು. ಹೊಸ ಕ್ಲಬ್, ಹೊಸ ಜೆರ್ಸಿ. ಪಕ್ಕದವನಿಗೂ ನನಗೂ ಯಾವ ಕೂಗು ಕೂಗಬೇಕು ಅನ್ನೋದೇ ಗೊತ್ತಿರಲಿಲ್ಲ.

ಪಂದ್ಯ 1-1ರಲ್ಲಿ ಮುಗಿಯಿತು. ಕ್ಲಬ್‌ನ ಮೊದಲ ಗೋಲ್ ಹೊಡೆದದ್ದು ಶಾನ್ ರೂನಿ. ಆದರೆ ನನಗೆ ಗೋಲ್‌ಗಿಂತ ಚೆನ್ನಾಗಿ ನೆನಪಿರೋದು ಬೇರೆ. ನಮ್ಮ ಎದುರಿಗೇ ಒಬ್ಬ ಆಟಗಾರ ಥ್ರೋ-ಇನ್ ಎಸೆಯಲು ಬಂದ. ಅವನ ಉಸಿರು ನಮಗೆ ಕೇಳಿಸುತ್ತಿತ್ತು. ಬೂಟಿಗೆ ಅಂಟಿದ ಕಪ್ಪು ರಬ್ಬರ್ ಕಾಳುಗಳು ಕಾಣುತ್ತಿದ್ದವು. ಅಲ್ಲಿರೋದು ಕೃತಕ ಹುಲ್ಲು ನೋಡಿ. ಹಿಂದಿನ ಸಾಲಿನಿಂದ ಯಾರೋ "ಬೇಗ ಹಾಕೋ" ಅಂದರು. ಕೂಗಿದ್ದಲ್ಲ, ಸುಮ್ನೆ ಹೇಳಿದ್ದು. ಆಟಗಾರ ತಿರುಗಿ ನೋಡಿದ! ಆ ಸಂಜೆ ನನಗೆ ಒಂದು ವಿಷಯ ಅರ್ಥವಾಯಿತು. ಇಲ್ಲಿ ನಾವು ನೋಡೋದಕ್ಕೆ ಮಾತ್ರ ಕೂತಿಲ್ಲ, ನಮ್ಮ ಮಾತು ಒಳಗೆ ಹೋಗುತ್ತದೆ.

ಆ ಮೈದಾನದಲ್ಲಿ ಹಿಡಿಸೋದು ಎಂಟು ಸಾವಿರದ ಆಸುಪಾಸು ಜನ. ಕೋಲ್ಕತ್ತಾದ ದೊಡ್ಡ ಸಾಲ್ಟ್ ಲೇಕ್ ಸ್ಟೇಡಿಯಂ ಮುಂದೆ ಅದೇನೂ ಅಲ್ಲ. ಆದರೂ ಆ ಮೊದಲ ಸೀಸನ್‌ನಲ್ಲಿ ಅಲ್ಲಿ ಕೂತವರು ಯಾರೂ ಸದ್ದು ಕಡಿಮೆ ಇತ್ತು ಅನ್ನುವುದಿಲ್ಲ. ಯಾಕೆ? ಇದಕ್ಕೆ ಸ್ವಲ್ಪ ಲೆಕ್ಕ ಇದೆ. ಹೆದರಬೇಡಿ, ಚಿಕ್ಕ ಲೆಕ್ಕ.

ಸದ್ದನ್ನು ಅಳೆಯೋದು ಡೆಸಿಬಲ್‌ನಲ್ಲಿ. ಕೂಗುವವರ ಸಂಖ್ಯೆ ಹತ್ತು ಪಟ್ಟು ಆದರೆ ಸದ್ದು ಹತ್ತು ಡೆಸಿಬಲ್ ಏರುತ್ತದೆ. ನಮ್ಮ ಕಿವಿಗೆ ಅದು ಹತ್ತು ಪಟ್ಟು ಅನಿಸುವುದಿಲ್ಲ, ಹೆಚ್ಚುಕಡಿಮೆ ಎರಡು ಪಟ್ಟು ಅನಿಸುತ್ತದೆ. ಇನ್ನೊಂದು ಕಡೆ, ಬಯಲಲ್ಲಿ ಕೂಗುವವನಿಂದ ನೀವು ಎರಡು ಪಟ್ಟು ದೂರ ಹೋದರೆ ಆರು ಡೆಸಿಬಲ್ ಇಳಿಯುತ್ತದೆ. ಮೂರು ಪಟ್ಟು ದೂರ ಹೋದರೆ ಒಂಬತ್ತೂವರೆ. ಈಗ ಎರಡನ್ನೂ ಪಕ್ಕಪಕ್ಕ ಇಡಿ. ಹತ್ತು ಪಟ್ಟು ಜನ ಸೇರಿಸಿ ಗಳಿಸಿದ್ದನ್ನು ಮೂರು ಪಟ್ಟು ದೂರ ಕೂರಿಸಿ ಕಳೆದುಕೊಳ್ಳಬಹುದು! ಗ್ಯಾಲರಿ ಗೆರೆಯ ಹತ್ತಿರ ಇದ್ದರೆ ಸಾವಿರ ಜನ ಸಾಕು. ದೂರ ಇದ್ದರೆ ಹತ್ತು ಸಾವಿರ ಜನ ಬಂದರೂ ಆಟಗಾರನ ಕಿವಿಗೆ ತಲುಪೋದು ಅಷ್ಟೇ.

2014ರ ಏಪ್ರಿಲ್‌ನಲ್ಲಿ ಗೋವಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಬೆಂಗಳೂರು ಎಫ್‌ಸಿ ಮೊದಲ ಸೀಸನ್‌ನಲ್ಲೇ ಚಾಂಪಿಯನ್ ಆಯಿತು. ಮುಂದಿನ ಸೀಸನ್‌ಗೆ ತಂಡ ಶ್ರೀ ಕಂಠೀರವ ಸ್ಟೇಡಿಯಂಗೆ ಹೋಯಿತು. ಅದು ದೊಡ್ಡದು, ಇಪ್ಪತ್ತು ಸಾವಿರಕ್ಕೂ ಜಾಸ್ತಿ ಜನ ಹಿಡಿಸುತ್ತದೆ. ಆದರೆ ಅದು ಅಥ್ಲೆಟಿಕ್ಸ್‌ಗೆ ಕಟ್ಟಿದ ಸ್ಟೇಡಿಯಂ. ಸುತ್ತ ಓಟದ ಟ್ರ್ಯಾಕ್ ಇದೆ.

ಟ್ರ್ಯಾಕ್ ಏನು ಮಾಡುತ್ತದೆ ನೋಡಿ. 400 ಮೀಟರ್ ಟ್ರ್ಯಾಕ್‌ಗೆ ಒಂದು ಅಳತೆ ಇದೆ. ಎಂಟು ಲೇನ್ ಅಂದರೆ ಸುಮಾರು ಹತ್ತು ಮೀಟರ್ ಅಗಲ. ಉದ್ದದ ಬದಿಯಲ್ಲಿ ಮೈದಾನದ ಗೆರೆಯಿಂದ ಗ್ಯಾಲರಿ ಬುಡಕ್ಕೆ ಹನ್ನೆರಡು, ಹದಿಮೂರು ಮೀಟರ್. ಅದು ಪರವಾಗಿಲ್ಲ. ಆದರೆ ಗೋಲ್ ಹಿಂದೆ ಟ್ರ್ಯಾಕ್ ಅರ್ಧ ವೃತ್ತದಲ್ಲಿ ಸುತ್ತುತ್ತದೆ. ಅಲ್ಲಿ ಗೋಲ್ ಗೆರೆಯಿಂದ ಟ್ರ್ಯಾಕ್‌ನ ಹೊರ ಅಂಚಿಗೇ ಸುಮಾರು 36 ಮೀಟರ್ ಆಗುತ್ತದೆ. ಜಗತ್ತಿನ ಎಷ್ಟೋ ಕ್ಲಬ್‌ಗಳಲ್ಲಿ ಗಟ್ಟಿ ಕೂಗುವವರು ನಿಲ್ಲೋದು ಗೋಲ್ ಹಿಂದೆ. ಟ್ರ್ಯಾಕ್ ಇರುವ ಕಡೆ ಆ ಜಾಗ ಸದ್ದಿನ ಲೆಕ್ಕದಲ್ಲಿ ಬರಡು ನೆಲ. ಇಲ್ಲಿ ಗಟ್ಟಿ ಕೂಗುವ ಬಳಗದ ಹೆಸರು ವೆಸ್ಟ್ ಬ್ಲಾಕ್ ಬ್ಲೂಸ್. ಹೆಸರೇ ಹೇಳುವ ಹಾಗೆ ಅವರ ಜಾಗ ಪಶ್ಚಿಮದ ಗ್ಯಾಲರಿ, ಉದ್ದದ ಬದಿ. ಅದೇ ಆ ಸ್ಟೇಡಿಯಂನಲ್ಲಿ ಅವರ ಕೂಗನ್ನು ಉಳಿಸಿದ್ದು ಅಂತ ನಾನು ನಂಬುತ್ತೇನೆ.

ಕಂಠೀರವವನ್ನು ನಾನು ದೂರುತ್ತಿಲ್ಲ. 2016ರ ಅಕ್ಟೋಬರ್ 19ರ ರಾತ್ರಿ ನಾನೂ ಅಲ್ಲಿದ್ದೆ. ಏಷ್ಯಾದ ಕ್ಲಬ್‌ಗಳ ಟೂರ್ನಿ ಎಎಫ್‌ಸಿ ಕಪ್‌ನ ಸೆಮಿಫೈನಲ್, ಎದುರಿಗೆ ಮಲೇಷ್ಯಾದ ಜೊಹೊರ್ ತಂಡ, ಹಿಂದಿನ ಸಲದ ಚಾಂಪಿಯನ್. ಅವರೇ ಮೊದಲು ಗೋಲ್ ಹೊಡೆದರು. ಆಮೇಲೆ ಸುನಿಲ್ ಛೆಟ್ರಿ ಎರಡು, ಹುವಾನನ್ ಒಂದು. 3-1. ಭಾರತದ ಕ್ಲಬ್ ಒಂದು ಆ ಕಪ್‌ನ ಫೈನಲ್ ತಲುಪಿದ್ದು ಅದೇ ಮೊದಲು. ಆ ರಾತ್ರಿ ಟ್ರ್ಯಾಕ್ ಇದೆ ಅನ್ನೋದೇ ಯಾರಿಗೂ ನೆನಪಿರಲಿಲ್ಲ. ಆದರೆ ಅಂಥ ರಾತ್ರಿ ವರ್ಷಕ್ಕೆ ಎಷ್ಟು ಸಿಗುತ್ತವೆ? ಅಶೋಕನಗರದಲ್ಲಿ ಸಾಮಾನ್ಯ ಪಂದ್ಯಕ್ಕೂ ಮೈ ಜುಮ್ ಅನ್ನುತ್ತಿತ್ತು. ನಾನು ಹೇಳುತ್ತಿರೋದು ಆ ವ್ಯತ್ಯಾಸ.

ಚಿಕ್ಕ ಮೈದಾನಕ್ಕೆ ಇನ್ನೊಂದು ಅನುಕೂಲ ಇದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ದೊಡ್ಡ ಸ್ಟೇಡಿಯಂನ ಈ ತುದಿಯಿಂದ ಆ ತುದಿಗೆ 170 ಮೀಟರ್ ಇದ್ದರೆ ಅರ್ಧ ಸೆಕೆಂಡ್ ಬೇಕು. ಅರ್ಧ ಸೆಕೆಂಡ್ ಅಂದರೆ ಚುರುಕಾದ ಚಪ್ಪಾಳೆಯಲ್ಲಿ ಒಂದು ಇಡೀ ತಾಳ. ಈ ಕಡೆಯವರ ಚಪ್ಪಾಳೆ ಕೇಳಿ ಆ ಕಡೆಯವರು ಹೊಡೆದರೆ ಒಂದು ತಾಳ ಹಿಂದೆ ಬೀಳುತ್ತಾರೆ. ಅದು ವಾಪಸ್ ಇಲ್ಲಿಗೆ ಬರುವಷ್ಟರಲ್ಲಿ ಎಲ್ಲ ಕಲಸು ಮೇಲೋಗರ. ಒಂದೇ ಗ್ಯಾಲರಿಯಲ್ಲಿ ಒತ್ತಾಗಿ ಕೂತರೆ ಆ ತೊಂದರೆ ಇಲ್ಲ. ಮುನ್ನೂರು ಜನ ಒಂದೇ ಕೈಯಲ್ಲಿ ಹೊಡೆದ ಹಾಗೆ ಕೇಳುತ್ತದೆ. ಭಜನೆ ಮಂಡಳಿಯಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಳ ಕೂಡಿದರೆ ಹತ್ತು ಜನವೂ ಊರಿಗೆ ಕೇಳುತ್ತಾರೆ.

ಇಷ್ಟೆಲ್ಲ ಸದ್ದು ಮಾಡಿ ಏನು ಪ್ರಯೋಜನ ಅಂತ ಕೇಳುವವರಿದ್ದಾರೆ. ಆಟ ಆಡೋದು ಹನ್ನೊಂದು ಜನ, ಅಲ್ವಾ? 2002ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಲಿವರ್‌ಪೂಲ್‌ನ ತವರಿನ ಒಂದು ಪಂದ್ಯದ 47 ಟ್ಯಾಕಲ್‌ಗಳ, ಅಂದರೆ ಎದುರಾಳಿಯಿಂದ ಚೆಂಡು ಕಸಿಯುವ ಪ್ರಯತ್ನಗಳ, ವಿಡಿಯೊವನ್ನು 40 ರೆಫರಿಗಳಿಗೆ ತೋರಿಸಿದರು. ಕೆಲವರಿಗೆ ಪ್ರೇಕ್ಷಕರ ಸದ್ದಿನ ಜೊತೆ, ಉಳಿದವರಿಗೆ ಸದ್ದಿಲ್ಲದೆ. ದೃಶ್ಯ ಎಲ್ಲರಿಗೂ ಅದೇ. ಸದ್ದು ಕೇಳಿಸಿಕೊಂಡವರು ತವರಿನ ತಂಡದ ವಿರುದ್ಧ ಕೊಟ್ಟ ಫೌಲ್‌ಗಳು ಶೇ. 15.5ರಷ್ಟು ಕಡಿಮೆ. ಯಾರೂ ಮೋಸ ಮಾಡಲಿಲ್ಲ. ಅನುಮಾನ ಬಂದ ಕಡೆ ಸೀಟಿ ಬಾಯಿಗೆ ಹೋಗಲಿಲ್ಲ, ಅಷ್ಟೇ.

ಆಮೇಲೆ ಕೋವಿಡ್ ಬಂತು. 2020ರ ಮೇ ತಿಂಗಳಲ್ಲಿ ಜರ್ಮನಿಯ ಲೀಗ್ ಖಾಲಿ ಸ್ಟೇಡಿಯಂಗಳಲ್ಲಿ ಮತ್ತೆ ಶುರುವಾಯಿತು. ತವರಿನ ತಂಡಗಳಿಗೆ ಸಿಗುತ್ತಿದ್ದ ಅನುಕೂಲ ಕುಗ್ಗಿತು. ನಮ್ಮ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್‌ನ ಎರಡು ಸೀಸನ್ ಪೂರ್ತಿ ಗೋವಾದಲ್ಲೇ, ಎರಡನೇ ಸೀಸನ್‌ನ ಫೈನಲ್ ಒಂದು ಬಿಟ್ಟು ಬಾಗಿಲು ಮುಚ್ಚಿ ನಡೆದವು. ಬೆಂಗಳೂರು ತಂಡದ ತವರಿನ ಪಂದ್ಯಗಳು ಕೂಡ! ಟಿವಿಯಲ್ಲಿ ಕೋಚ್‌ನ ಕೂಗು, ಗೋಲ್‌ಕೀಪರ್‌ನ ಬೈಗುಳ, ಚೆಂಡು ಕಂಬಕ್ಕೆ ಬಡಿದ ಟಣ್ ಸದ್ದು ಎಲ್ಲ ಸ್ಪಷ್ಟ. ಒಂದು ಗೋಲ್ ಆದಾಗ ನಾನು ಮನೆಯಲ್ಲಿ ಎದ್ದು ನಿಂತು ಕೂಗಿದೆ. ಕೂಗಿ ಮುಗಿದ ಮೇಲೆ ಮನೆಯ ಮೌನ ಕೇಳಿಸಿತು. ಅಷ್ಟು ಬೇಜಾರಾದ ಗೋಲ್ ಇನ್ನೊಂದಿಲ್ಲ.

ಈ ಗ್ಯಾಲರಿಗಳಿಗೆ ಒಂದು ಹಿನ್ನೆಲೆ ಇದೆ. ಬೆಂಗಳೂರಿನ ಫುಟ್‌ಬಾಲ್ 2013ರಲ್ಲಿ ಹುಟ್ಟಿದ್ದಲ್ಲ. ಬ್ರಿಟಿಷ್ ಸೈನ್ಯದ ತಂಡಗಳ ಕೈಯಲ್ಲೇ ಸುತ್ತುತ್ತಿದ್ದ ಬೊಂಬಾಯಿಯ ರೋವರ್ಸ್ ಕಪ್ ಮೊದಲ ಸಲ ಭಾರತೀಯರ ಕೈಗೆ ಬಂದದ್ದು 1937ರಲ್ಲಿ. ಅದನ್ನು ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್, ನಮ್ಮ ದಂಡು ಪ್ರದೇಶದ ತಂಡ. ಮರುವರ್ಷವೂ ಅವರೇ ಗೆದ್ದರು. ಹಲಸೂರಿನ ಪಕ್ಕದ ಗೌತಮಪುರಕ್ಕೆ ಹೋದರೆ ಪೆಲೆಯ ಪ್ರತಿಮೆ ಇದೆ. ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಜೊತೆಗೆ ಪೆಲೆ. ಆಸ್ಟಿನ್ ಟೌನ್, ಮರ್ಫಿ ಟೌನ್, ಶಿವಾಜಿನಗರ, ಇಲ್ಲಿಂದೆಲ್ಲ ಬಂದವರು ಅಶೋಕನಗರದ ಮೆಟ್ಟಿಲ ಮೇಲೆ ಕೂತಿದ್ದಾರೆ. ಒಂದೇ ಚೆಂಡು ಗೋಲ್ ಕಡೆ ಹೋಗುವಾಗ ಒಬ್ಬ "ಹೊಡಿಯೋ" ಅನ್ನುತ್ತಾನೆ, ಒಬ್ಬ "ಅಡಿಡಾ" ಅನ್ನುತ್ತಾನೆ, ಇನ್ನೊಬ್ಬ "ಮಾರ್ ರೇ" ಅನ್ನುತ್ತಾನೆ. ಮೂರೂ ಒಟ್ಟಿಗೇ ಬೀಳುತ್ತವೆ. ಬೇರೆ ಊರಿನ ಗ್ಯಾಲರಿಗೆ ಈ ಬಣ್ಣ ಇಲ್ಲ. ಇದು ನಮ್ಮ ದಂಡಿನ ಸದ್ದು, ಇದನ್ನು ಯಾರೂ ಕೂತು ಬರೆದು ಕೊಟ್ಟದ್ದಲ್ಲ.

ಹತ್ತಿರ ಇರುವುದಕ್ಕೆ ಇನ್ನೊಂದು ಮುಖ ಇದೆ, ಅದನ್ನೂ ಹೇಳಲೇಬೇಕು. ನಮ್ಮ ಮಾತು ಒಳಗೆ ಹೋಗುತ್ತದೆ ಅಂದೆನಲ್ಲ, ಬೈಗುಳವೂ ಹೋಗುತ್ತದೆ. ದೊಡ್ಡ ಸ್ಟೇಡಿಯಂನಲ್ಲಿ ಅದು ಗದ್ದಲದಲ್ಲಿ ಕರಗಿಬಿಡುತ್ತದೆ. ಇಲ್ಲಿ ಹದಿನೇಳು ವರ್ಷದ ಹುಡುಗ ಒಂದು ಪಾಸ್ ತಪ್ಪಿದರೆ, ಐದಾರು ಮೀಟರ್ ದೂರದಲ್ಲಿ ಕೂತವರು ಅವನ ಮನೆಯವರನ್ನು ಎಳೆದು ತಂದು ಬೈದರೆ, ಅವನಿಗೆ ಒಂದೊಂದು ಅಕ್ಷರವೂ ಕೇಳುತ್ತದೆ. ಒಮ್ಮೆ ಹಾಗೆ ಬೈಸಿಕೊಂಡ ಹುಡುಗ ಆಮೇಲೆ ಇಪ್ಪತ್ತು ನಿಮಿಷ ಚೆಂಡು ಕೇಳಲೇ ಇಲ್ಲ. ಕೈ ಎತ್ತಲಿಲ್ಲ, ಖಾಲಿ ಜಾಗಕ್ಕೆ ಓಡಲಿಲ್ಲ, ಡಿಫೆಂಡರ್‌ನ ಬೆನ್ನ ಹಿಂದೆ ನಿಂತುಬಿಟ್ಟ. ಆಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಎದುರಾಳಿಯನ್ನು ಕೆಣಕಿ, ರೆಫರಿಯ ಮೇಲೆ ಕೂಗಾಡಿ, ಬೇಡ ಅನ್ನಲ್ಲ. ನಿಮ್ಮ ಹುಡುಗನನ್ನು ಮಾತ್ರ ಮೈದಾನದ ಮಧ್ಯೆ ಒಂಟಿ ಮಾಡಬೇಡಿ.

2018ರ ಜೂನ್ 1ರಂದು ಮುಂಬೈನ ಅಂಧೇರಿಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5-0ರಿಂದ ಸೋಲಿಸಿತು. ಛೆಟ್ರಿ ಹ್ಯಾಟ್ರಿಕ್ ಹೊಡೆದ. ನೋಡಲು ಬಂದವರು 2,569 ಜನ. ಮರುದಿನ ಛೆಟ್ರಿ ಒಂದು ಪುಟ್ಟ ವಿಡಿಯೊದಲ್ಲಿ ಕೈಮುಗಿದು ಕೇಳಿಕೊಂಡ. ಬೈಯೋದಾದರೂ ಸರಿ, ಬನ್ನಿ, ಸ್ಟೇಡಿಯಂಗೆ ಬಂದು ಬೈಯಿರಿ ಅನ್ನೋದು ಅವನ ಮಾತಿನ ಸಾರ. ಜೂನ್ 4ರಂದು ಕೀನ್ಯಾ ವಿರುದ್ಧ ಅವನ ನೂರನೇ ಪಂದ್ಯ. ಟಿಕೆಟ್ ಎಲ್ಲ ಖಾಲಿ. ಜೋರು ಮಳೆ, ಆದರೂ ಜನ ಅಲ್ಲಾಡಲಿಲ್ಲ. ಅಂಧೇರಿಯದೂ ಚಿಕ್ಕ ಮೈದಾನವೇ. ಮೂರೇ ದಿನದಲ್ಲಿ ಅದೇ ಗ್ಯಾಲರಿ, ಅದೇ ತಂಡ, ಆದರೆ ಟಿವಿಯಲ್ಲಿ ನೋಡುತ್ತಿದ್ದ ನಮಗೇ ಅದು ಬೇರೆ ಊರು ಅನಿಸಿತು. ಅಷ್ಟು ದೊಡ್ಡ ಆಟಗಾರ ಕೈಮುಗಿದು ಕೇಳಿದ್ದು ದುಡ್ಡನ್ನಲ್ಲ, ಸದ್ದನ್ನು.

ಇವತ್ತು ಅಶೋಕನಗರದಲ್ಲಿ ಬೆಂಗಳೂರು ಎಫ್‌ಸಿಯ ದೊಡ್ಡ ಪಂದ್ಯಗಳಿಲ್ಲ. ಆದರೆ ನಮ್ಮ ಸೂಪರ್ ಡಿವಿಷನ್ ಲೀಗ್ ನಡೆಯುತ್ತದೆ. ಕಾರ್ಖಾನೆಗಳ ತಂಡ, ಸೈನ್ಯದ ತಂಡ, ಬಡಾವಣೆಗಳ ತಂಡ. ವಾರದ ಮಧ್ಯೆ ಮಧ್ಯಾಹ್ನ ಹೋದರೆ ಗ್ಯಾಲರಿಯಲ್ಲಿ ಅರವತ್ತು, ಎಪ್ಪತ್ತು ಜನ ಸಿಕ್ಕಾರು. ಕಾಂಕ್ರೀಟ್ ಮೆಟ್ಟಿಲು ಬಿಸಿಲಿಗೆ ಕಾದಿರುತ್ತದೆ, ಪೇಪರ್ ಹಾಸಿಕೊಂಡು ಕೂರಬೇಕು. ಡ್ರಮ್ ಇಲ್ಲ, ಬಾವುಟ ಇಲ್ಲ. ಆದರೂ ನಾನು ಅದನ್ನು ಮೌನ ಅನ್ನುವುದಿಲ್ಲ.

ಹೋದ ಸಲ ಹೋದಾಗ ಕಾರ್ನರ್ ಫ್ಲ್ಯಾಗ್ ಹತ್ತಿರ ಒಬ್ಬ ಹಿರಿಯರು ಕೂತಿದ್ದರು. ತೊಡೆಯ ಮೇಲೆ ಕೊಡೆ, ಕೈಯಲ್ಲಿ ಕಡಲೆಕಾಯಿ ಪೊಟ್ಟಣ. ಅರ್ಧ ಗಂಟೆ ಒಂದು ಮಾತಿಲ್ಲ. ಎಡಗಡೆಯ ಹುಡುಗ ಹೊಸಬ ಇರಬೇಕು, ಚೆಂಡು ಬಂದ ತಕ್ಷಣ ಗಾಬರಿಯಲ್ಲಿ ಹಿಂದಕ್ಕೆ ತಳ್ಳುತ್ತಿದ್ದ. ನಾಲ್ಕು ಸಲ ಹಾಗೇ ಮಾಡಿದ. ಐದನೇ ಸಲ ಚೆಂಡು ಬಂದಾಗ ಹಿರಿಯರು ಪೊಟ್ಟಣ ಕೆಳಗಿಟ್ಟು, ಮನೆಯಲ್ಲಿ ಮೊಮ್ಮಗನಿಗೆ ಹೇಳುವ ದನಿಯಲ್ಲಿ, "ಟೈಮ್ ಇದೆ ಮಗಾ, ಯಾರೂ ಇಲ್ಲ, ತಿರುಗು" ಅಂದರು.

ಹುಡುಗ ತಿರುಗಿದ. ಮುಂದೆ ಇಪ್ಪತ್ತು ಮೀಟರ್ ಹಸಿರು ಖಾಲಿ ಇತ್ತು.