ಲ್ಯಾಪ್‌ಟಾಪ್ ನಿಧಾನವಾಯಿತೇ? ರ‍್ಯಾಮ್ ಸಾಲದೋ, ಕಾವು ಹೆಚ್ಚಿತೋ ನೋಡಿ

ಕೇಳುಗರಿಗೆ ನಮಸ್ಕಾರ.

ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಹಲವು ಲ್ಯಾಪ್‌ಟಾಪ್‌ಗಳ ಕೈಪಿಡಿಯಲ್ಲಿ ಬಳಕೆಗೆ ಸೂಚಿಸಿರುವ ಮಿತಿ 35 ಡಿಗ್ರಿ. ಒಳಗಿನ ಪುಟ್ಟ ಫ್ಯಾನ್ ಕೋಣೆಯ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಆ ಗಾಳಿಯೇ ಕಾದಿದ್ದರೆ ಅದು ತಾನೇ ಏನು ಮಾಡೀತು? ಯಂತ್ರ ನಿಧಾನವಾಗುತ್ತದೆ. ಮನೆಯವರು ಹಳೆಯದಾಯಿತು ಎಂದುಕೊಂಡು ಹೊಸದಕ್ಕೆ ಸಾಲ ಮಾಡಲು ಹೊರಡುತ್ತಾರೆ. ಸ್ವಲ್ಪ ತಡೆಯಿರಿ ಎಂದು ಹೇಳುವುದಕ್ಕೇ ನಾನು ಬಂದಿದ್ದೇನೆ. ನಿಧಾನಕ್ಕೆ ಕಾರಣ ರ‍್ಯಾಮ್ ಎಂಬ ತಾತ್ಕಾಲಿಕ ಮೆಮೊರಿಯ ಕೊರತೆಯೂ ಆಗಿರಬಹುದು, ಕಾವೂ ಆಗಿರಬಹುದು. ಹೊರಗೆ ಕಾಣುವ ಲಕ್ಷಣ ಒಂದೇ, ಮದ್ದು ಮಾತ್ರ ಬೇರೆ ಬೇರೆ.

ಯಾವುದೆಂದು ತಿಳಿಯಲು ಅಂಗಡಿಗೆ ಹೋಗಬೇಕಿಲ್ಲ. ವಿಂಡೋಸ್ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ವಿಭಾಗಕ್ಕೆ ಹೋಗಿ. ದಿನನಿತ್ಯದ ಕೆಲಸದಲ್ಲೇ ಮೆಮೊರಿ ಶೇಕಡಾ 90ರ ಆಸುಪಾಸಿನಲ್ಲಿ ನಿಂತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಮೆಮೊರಿ ಧಾರಾಳವಾಗಿದ್ದೂ, ಫ್ಯಾನ್ ಜೋರಾಗಿ ಸದ್ದು ಮಾಡುತ್ತಾ, ಪ್ರೊಸೆಸರ್‌ನ ವೇಗ ಅಲ್ಲೇ ತೋರಿಸುವ ಮೂಲ ವೇಗಕ್ಕಿಂತ, ಅಂದರೆ ಬೇಸ್ ಸ್ಪೀಡ್‌ಗಿಂತ ಕೆಳಗಿಳಿದಿದ್ದರೆ ಮೊದಲು ಕಾವನ್ನು ಅನುಮಾನಿಸಿ. ಬೆಳಗಿನ ತಂಪಿನಲ್ಲಿ ಸರಾಗವಾಗಿ ನಡೆದು ಮಧ್ಯಾಹ್ನ ತಡವರಿಸುವ ಯಂತ್ರದ ಕತೆಯೂ ಅದೇ.

ರ‍್ಯಾಮ್ ಎಂದರೆ ಅಡುಗೆ ಕಟ್ಟೆ, ಡಿಸ್ಕ್ ಎಂದರೆ ಉಗ್ರಾಣ. ಕಟ್ಟೆ ಚಿಕ್ಕದಾದರೆ ಪ್ರತಿಯೊಂದಕ್ಕೂ ಉಗ್ರಾಣಕ್ಕೆ ಓಡಬೇಕು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಎಂದು ಮೈಕ್ರೋಸಾಫ್ಟ್ ಹೇಳುತ್ತದೆ, ಆದರೆ ಅಷ್ಟರಲ್ಲಿ ದಿನದೂಡುವುದು ಹಿಂಸೆಯೇ. ಬರವಣಿಗೆ, ಆನ್‌ಲೈನ್ ತರಗತಿ, ಬ್ಯಾಂಕ್ ಕೆಲಸಕ್ಕೆ 8 ಜಿಬಿ ಸಾಕು. ಎಂಜಿನಿಯರಿಂಗ್ ಓದುವ ಮಕ್ಕಳಿಗೆ, ಮೊಬೈಲ್ ಆ್ಯಪ್ ಕಟ್ಟುವವರಿಗೆ 16 ಜಿಬಿ ಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ಪರದೆಯ ಚಿತ್ರಕ್ಕೂ ಇದೇ ರ‍್ಯಾಮ್‌ನಲ್ಲಿ ಪಾಲು ಹೋಗುತ್ತದೆ ಎಂಬುದು ನೆನಪಿರಲಿ. ವಿಡಿಯೊ ಸಂಕಲನದಂಥ ಭಾರದ ಕೆಲಸ ಇಲ್ಲದವರು 32 ಜಿಬಿಗೆ ಹಣ ಸುರಿಯುವುದು ವ್ಯರ್ಥ.

ರ‍್ಯಾಮ್ ಕೊಳ್ಳುವ ಮುನ್ನ ನಿಮ್ಮದು ಡಿಡಿಆರ್ 4 ಬಗೆಯದೋ, ಡಿಡಿಆರ್ 5 ಬಗೆಯದೋ ತಿಳಿದುಕೊಳ್ಳಿ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ತೆಳುವಾದ ಅನೇಕ ಮಾದರಿಗಳಲ್ಲಿ ರ‍್ಯಾಮ್ ಅನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಮುಂದೆ ಹೆಚ್ಚಿಸುವ ದಾರಿಯೇ ಇರುವುದಿಲ್ಲ. ಹೊಸ ಲ್ಯಾಪ್‌ಟಾಪ್ ಕೊಳ್ಳುವಾಗ ಇದನ್ನು ಅಂಗಡಿಯವರಲ್ಲಿ ಒತ್ತಾಯ ಮಾಡಿ ಕೇಳಿ.

ಇನ್ನು ಕಾವಿನ ವಿಚಾರ. ಪ್ರೊಸೆಸರ್ 100 ಡಿಗ್ರಿಯ ಸಮೀಪ ಬಂದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಎಷ್ಟೋ ಮಾದರಿಗಳು ತಳದಿಂದ ಗಾಳಿ ಎಳೆಯುತ್ತವೆ. ಹಾಸಿಗೆಯ ಮೇಲಿಟ್ಟರೆ ಆ ಕಿಂಡಿಗಳೇ ಮುಚ್ಚಿಹೋಗುತ್ತವೆ. ಗಟ್ಟಿ ಮೇಜಿನ ಮೇಲಿಟ್ಟು, ಗಾಳಿಕಿಂಡಿ ಬಿಟ್ಟು ಹಿಂಬದಿಯ ಅಂಚಿಗೆ ಏನಾದರೂ ಒತ್ತುಕೊಟ್ಟು ಎತ್ತರಿಸಿದರೂ ಪ್ರಯೋಜನವಾಗುತ್ತದೆ. ಒಳಗಿನ ಲೋಹದ ಸಣ್ಣ ಪದರಗಳ ನಡುವೆ ಧೂಳು ಗಂಟುಕಟ್ಟಿ ಗಾಳಿಯನ್ನು ತಡೆಯುತ್ತದೆ. ಅದನ್ನು ಊದಿ ತೆಗೆಸುವಾಗ ಫ್ಯಾನ್ ತಿರುಗದಂತೆ ಹಿಡಿದಿರಬೇಕು. ವರ್ಷಗಳು ಕಳೆದಿದ್ದರೆ ಪ್ರೊಸೆಸರ್ ಮೇಲೆ ಕಾವು ಸಾಗಿಸಲು ಹಚ್ಚಿರುವ ಥರ್ಮಲ್ ಪೇಸ್ಟ್ ಒಣಗಿರುತ್ತದೆ, ಅದನ್ನೂ ಬದಲಿಸಲು ಹೇಳಿ. ಸುಡುಬಿಸಿಲಿನ ದಿನಗಳಲ್ಲಿ, ಆ ಆಯ್ಕೆ ಇರುವ ಯಂತ್ರಗಳಲ್ಲಿ, ವಿಂಡೋಸ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಪ್ರೊಸೆಸರ್‌ನ ಗರಿಷ್ಠ ಮಿತಿಯನ್ನು ಶೇಕಡಾ 99ಕ್ಕೆ ಇಳಿಸಿ ನೋಡಿ. ಸಾಮಾನ್ಯವಾಗಿ ಇದರಿಂದ ಪ್ರೊಸೆಸರ್‌ನ ಬೇಸ್ ಸ್ಪೀಡ್ ಮೀರಿದ ಹೆಚ್ಚುವರಿ ಓಟ ನಿಂತು ಕಾವು ಗಣನೀಯವಾಗಿ ತಗ್ಗುತ್ತದೆ, ಬರೆಯುವ, ಓದುವ ಕೆಲಸಕ್ಕೆ ವ್ಯತ್ಯಾಸವೇ ತಿಳಿಯುವುದಿಲ್ಲ. ತಣ್ಣಗಾಗಲಿ ಎಂದು ಐಸ್ ಇಡುವುದು, ಫ್ರಿಜ್‌ನಲ್ಲಿಡುವುದು ಮಾತ್ರ ಬೇಡವೇ ಬೇಡ. ಒಳಗೆ ತೇವ ಕಟ್ಟಿ ಬೋರ್ಡೇ ಕೆಡಬಹುದು.

ಕಾವು ಬ್ಯಾಟರಿಯ ಆಯುಷ್ಯವನ್ನೂ ತಿನ್ನುತ್ತದೆ. ಸದಾ ಚಾರ್ಜರ್‌ಗೆ ಹಾಕಿಯೇ ಬಳಸುವವರು, ಸೌಲಭ್ಯವಿದ್ದರೆ, ಚಾರ್ಜ್ ಶೇಕಡಾ 80ಕ್ಕೆ ನಿಲ್ಲುವಂತೆ ಮಾಡಿಕೊಳ್ಳಿ. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ, ತಳ ಉಬ್ಬಿದರೆ, ಬ್ಯಾಟರಿ ಊದಿಕೊಂಡಿದೆ ಎಂದು ತಿಳಿಯಿರಿ. ಆಗ ಯಂತ್ರವನ್ನು ಆರಿಸಿ, ಚಾರ್ಜರ್ ತೆಗೆದು, ಒತ್ತದೆ ಚುಚ್ಚದೆ ನೇರವಾಗಿ ರಿಪೇರಿಯವರಲ್ಲಿಗೆ ಒಯ್ಯಿರಿ. ನಮಸ್ಕಾರ.